ಓದುಗರ ಪ್ರಶ್ನೆ: ಜೈಲಿನ ಅಂಗಳದಲ್ಲಿ ವಿಜ್ಞಾನ ಕಲಿಸುವುದು ಹೇಗೆ?

ಪ್ರಶ್ನೆ: ಚಿತ್ರದುರ್ಗದ ಜಿಲ್ಲಾ ಕಾರಾಗೃಹದಲ್ಲಿ ವಾರಕ್ಕೊಮ್ಮೆ ವಿಜ್ಞಾನ, ಪರಿಸರದ ಪಾಠ ಮಾಡಬೇಕೆಂದಿದ್ದೇವೆ. ಚಿತ್ರ ತೋರಿಸಿ ವಿವರಿಸಿದರೆ ಸಾಕೇ?
– ಪ್ರೌಢಶಾಲಾ ಶಿಕ್ಷಕಿ, ಚಿತ್ರದುರ್ಗ

ಉತ್ತರ: ಸಾಲದು ಮೇಡಂ. ಕೈಗೆ ಕೆಲಸ ಕೊಡಿ, ಅದೂ ಹೊರಗಿನವರಿಗೆ ನಿಜವಾಗಿ ಬೇಕಾದ ಕೆಲಸ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹೂವಿನ ವ್ಯಾಪಾರಕ್ಕೆಂದು ಕಾಡಿನ ಮರಗಳ ಪಾಚಿ ಕೀಳುತ್ತಿದ್ದರು. ಅದು ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು. ಅದನ್ನು ಬೆಳೆಸುವ ಬಗೆ ಹುಡುಕುವ ಕೆಲಸವನ್ನೇ ಪರಿಸರ ವಿಜ್ಞಾನಿ ನಳಿನಿ ನಾಡಕರ್ಣಿ ಸೀಡರ್ ಕ್ರೀಕ್ ಜೈಲಿನ ಕೈದಿಗಳಿಗೆ ಒಪ್ಪಿಸಿದರು. 2009ರಿಂದ ಅಲ್ಲಿನ ಕೈದಿಗಳು ಅಳಿವಿನಂಚಿನ ಕಪ್ಪೆಗಳನ್ನೂ ಮೊಟ್ಟೆಯಿಂದ ಸಾಕಿ ದೊಡ್ಡದು ಮಾಡಿದರು.

ನಮ್ಮ ಬಯಲುಸೀಮೆಗೆ ಬೇವು ಸರಿ. ಜೂನ್–ಜುಲೈನಲ್ಲಿ ಉದುರುವ ಹಣ್ಣಿನ ತಿರುಳು ತೊಳೆದು, ಬೀಜವನ್ನು ನೆರಳಲ್ಲಿ ಒಂದೆರಡು ದಿನ ಆರಿಸಿ, ವಾರದೊಳಗೆ ಬಿತ್ತಿ. ತಡವಾದಷ್ಟೂ ಬೀಜ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಳೆ ಬೀಜ ತಂದವರು ಕೈಸುಟ್ಟುಕೊಳ್ಳುವುದು ಇಲ್ಲೇ. ಕೆಂಪು ಮಣ್ಣು ಎರಡು ಪಾಲು, ಮರಳು ಒಂದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು. ಬರೀ ಎರೆಮಣ್ಣು ಬೇಡವೇ ಬೇಡ: ನೀರು ಹಿಡಿದರೆ ಬೇರು ಕೊಳೆಯುತ್ತದೆ, ಒಣಗಿದರೆ ಮಣ್ಣು ಬಿರಿದು ಬೇರು ಹರಿಯುತ್ತದೆ. 5×8 ಇಂಚಿನ ಚೀಲ ಸಾಕು. ಬೀಜ ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋಗುವುದು ಬೇಡ. ತಿಂಗಳಿಗೊಮ್ಮೆ ಚೀಲದ ಜಾಗ ಬದಲಿಸದಿದ್ದರೆ ತಾಯಿಬೇರು ನೆಲಕ್ಕಿಳಿಯುತ್ತದೆ, ಎತ್ತುವಾಗ ಹರಿಯುತ್ತದೆ.

ಬ್ಲೇಡು, ಗಾಜು, ತಂತಿ, ಹಗ್ಗ, ಮೊಬೈಲು ಒಯ್ಯಬೇಡಿ. ಚೀಲಕ್ಕೆ ತೂತು ಹೊರಗೇ ಹೊಡೆದುಕೊಂಡು ಹೋಗಿ. ಒಯ್ಯುವ ಪ್ರತಿ ವಸ್ತುವಿನ ಪಟ್ಟಿಗೂ ಅಧೀಕ್ಷಕರಿಂದ ಮುಂಚೆಯೇ ಲಿಖಿತ ಒಪ್ಪಿಗೆ ಪಡೆಯಿರಿ. ಸಸಿ ಯಾರು ನೆಡುತ್ತಾರೆ ಎಂಬುದನ್ನು ಅರಣ್ಯ ಇಲಾಖೆಯವರ ಜತೆಗೋ ಪಂಚಾಯಿತಿಯವರ ಜತೆಗೋ ಬಿತ್ತುವ ಮೊದಲೇ ಮಾತಾಡಿಕೊಳ್ಳಿ. ಬೆಳೆಸಿದ ಸಸಿ ಗೋಡೆ ಪಕ್ಕದಲ್ಲೇ ಒಣಗಿದರೆ ಬೆಳೆಸಿದವರ ಮನಸ್ಸು ಮುರಿಯುತ್ತದೆ.

ಇನ್ನೊಂದು ಮಾತು. ದೇಶದ ಬಂದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ಈ ವಾರ ಬೀಜ ಊರಿದವರು ಜಾಮೀನು ಸಿಕ್ಕರೆ ಮುಂದಿನ ವಾರ ಇರುವುದಿಲ್ಲ. ಹಾಗಾಗಿ ಒಂದು ನೋಟ್‌ಬುಕ್ ಅಲ್ಲೇ ಇರಲಿ: ಬಿತ್ತಿದ ದಿನ, ಎಷ್ಟು ಬೀಜ, ಎಷ್ಟು ಮೊಳಕೆ. ಬಂದವರು ಮುಂದುವರಿಸುತ್ತಾರೆ.

ಪ್ರಶ್ನೆ: ಉಪಕರಣವೇ ಇಲ್ಲದೆ, ಒಂದೇ ದಿನದಲ್ಲಿ ಮುಗಿಯುವ ಪ್ರಯೋಗವಿದೆಯೇ?
– ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ನೆರಳು ಅಳೆಯುವುದು. ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, 11.30ರಿಂದ 1.15ರವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸಿ. ಅತಿ ಗಿಡ್ಡ ನೆರಳು ಉತ್ತರ–ದಕ್ಷಿಣ ಗೆರೆ. ನೆಲ ಓರೆಯಿದ್ದರೆ ಲೆಕ್ಕ ತಪ್ಪುತ್ತದೆ, ನೀರು ಚೆಲ್ಲಿ ನೋಡಿಕೊಳ್ಳಿ. ದಾವಣಗೆರೆಯಲ್ಲಿ ಏಪ್ರಿಲ್ 28–29ರ ಹೊತ್ತಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲಿರುತ್ತಾನೆ, ನೆರಳು ಬುಡದಲ್ಲೇ ಅಡಗುತ್ತದೆ. ಅದು 12ಕ್ಕಲ್ಲ, ಸುಮಾರು 12.24ಕ್ಕೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ದಾವಣಗೆರೆ ಇರುವುದು 76 ಡಿಗ್ರಿಯ ಹತ್ತಿರ. ಪಶ್ಚಿಮಕ್ಕೆ ಒಂದೊಂದು ಡಿಗ್ರಿಗೂ ನಾಲ್ಕು ನಿಮಿಷ ತಡ. ಏಪ್ರಿಲ್ ಕೊನೆಯಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು ಎರಡು ನಿಮಿಷ ಮುಂದಿರುವುದರಿಂದ ಅಷ್ಟು ಕಳೆಯಬೇಕು. ಆ ಲೆಕ್ಕವನ್ನು ನೀವು ಹೇಳಬೇಡಿ, ಅವರೇ ಹಾಕಲಿ.