ಓದುವ ಕೋಣೆಗೆ ಬೆಳಕು ಬೇಕೆಂದರೆ ಮೊದಲು ಕಪಾಟು ಸರಿಸಿ

ಪ್ರಶ್ನೆ: ನಮ್ಮೂರಿನ ಹಳೆಯ ಶಾಲಾ ಕೋಣೆಯನ್ನು ಪಂಚಾಯಿತಿ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. 30 ಅಡಿ ಉದ್ದ, 20 ಅಡಿ ಅಗಲ, ಮಂಗಳೂರು ಹೆಂಚಿನ ಮಾಡು. ಉತ್ತರ, ದಕ್ಷಿಣದ ಉದ್ದ ಗೋಡೆಗಳಲ್ಲಿ ಮೂರು ಮೂರು ಕಿಟಕಿಗಳಿವೆ, ಬಾಗಿಲು ಪೂರ್ವಕ್ಕಿದೆ. ಆದರೂ ಮಧ್ಯಾಹ್ನವೇ ಲೈಟ್ ಹಾಕಬೇಕು. ರಸ್ತೆ ಕಡೆ, ಅಂದರೆ ಪಶ್ಚಿಮದ ಗೋಡೆ ಒಡೆದು ದೊಡ್ಡ ಗಾಜು ಹಾಕಿಸೋಣ ಅನ್ನುತ್ತಿದ್ದಾರೆ. ಸರಿಯೇ? ಪುಸ್ತಕ ಸುಮಾರು 2,500 ಇವೆ.
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ದಯವಿಟ್ಟು ಪಶ್ಚಿಮದ ಗೋಡೆ ಮುಟ್ಟಬೇಡಿ. ಸಂಜೆಯ ಬಿಸಿಲು ಅಡ್ಡಡ್ಡ ಬರುತ್ತದೆ, ಅದನ್ನು ಕಿಟಕಿಯ ಮೇಲೆ ಚಾಚಿಸುವ ಯಾವ ಸಜ್ಜಾವೂ ತಡೆಯುವುದಿಲ್ಲ. ಶಾಲೆ ಬಿಟ್ಟು ಮಕ್ಕಳು, ಕೆಲಸ ಮುಗಿಸಿ ದೊಡ್ಡವರು ಬರುವ ಹೊತ್ತಿಗೇ ಕಣ್ಣಿಗೆ ಹೊಡೆಯುತ್ತದೆ. ಒಂದೇ ತಿಂಗಳಲ್ಲಿ ಯಾರೋ ಗಾಜಿಗೆ ಪೇಪರ್ ಅಂಟಿಸುತ್ತಾರೆ, ಹಾಕಿದ ದುಡ್ಡು ದಂಡ.

ನಿಮ್ಮ ಕೋಣೆಯ ದಿಕ್ಕು ನಿಜಕ್ಕೂ ಒಳ್ಳೆಯದು. ಕಿಟಕಿಯ ಲಿಂಟಲ್, ಅಂದರೆ ಅದರ ನೆತ್ತಿಯ ಮೇಲಿನ ತೊಲೆ, ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಷ್ಟು ದೂರದವರೆಗೆ ಓದಲು ಸಾಕಾಗುವ ಹಗಲು ಬೆಳಕು ಒಳಗೆ ಬರುತ್ತದೆ. 7 ಅಡಿಯ ಲಿಂಟಲ್ ಆದರೆ 14 ಅಡಿ. ಎರಡೂ ಕಡೆಯಿಂದ ಬಂದರೆ 20 ಅಡಿಯ ಕೋಣೆ ಪೂರ್ತಿ ಬೆಳಗಬೇಕು. ಹಾಗೆ ಆಗುತ್ತಿಲ್ಲ ಎಂದರೆ ಬೆಳಕಿಗೆ ಏನೋ ಅಡ್ಡ ನಿಂತಿದೆ. ಸಾಮಾನ್ಯವಾಗಿ ಅದು ಕಿಟಕಿಗೆ ಒತ್ತಿ ಇಟ್ಟ ಆರೂವರೆ ಅಡಿಯ ಕಬ್ಬಿಣದ ಕಪಾಟು, ಇಲ್ಲವೇ ಧೂಳಿಗೆ ಹೆದರಿ ಮುಚ್ಚಿಟ್ಟ ಹಲಗೆಯ ಕದ.

ಹಾಗಾಗಿ ಎತ್ತರದ ಕಪಾಟುಗಳನ್ನೆಲ್ಲ ಪಶ್ಚಿಮದ ಗೋಡೆಗೆ ಸಾಲಾಗಿ ನಿಲ್ಲಿಸಿ. ಆ ಗೋಡೆ ಬಿಸಿಲಿಗೆ ಕಾಯುವುದರಿಂದ ಹಿಂದೆ 3 ಇಂಚು ಸಂದು ಬಿಡಿ. 20 ಅಡಿ ಉದ್ದಕ್ಕೆ ಆರು ಅಂತಸ್ತು ಇದ್ದರೆ, ಅಡಿಗೆ 12 ಪುಸ್ತಕದಂತೆ 1,400 ಹಿಡಿಯುತ್ತವೆ. ಉಳಿದವಕ್ಕೆ 4 ಅಡಿ ಎತ್ತರ, 5 ಅಡಿ ಉದ್ದದ, ಎರಡೂ ಮುಖ ತೆರೆದ ನಾಲ್ಕು ರ‍್ಯಾಕ್ ಮಾಡಿಸಿ. ಮೂರು ಅಂತಸ್ತಿನ ಒಂದೊಂದರಲ್ಲಿ 350ರ ಆಸುಪಾಸು ಕೂರುತ್ತವೆ. ಇವನ್ನು ಗೋಡೆಗೆ ಒರಗಿಸದೆ, ಕಿಟಕಿ ಕಿಟಕಿಗಳ ನಡುವಿನ ಗೋಡೆಯಿಂದ ಕೋಣೆಯೊಳಕ್ಕೆ ಅಡ್ಡವಾಗಿ ಚಾಚಿ ನಿಲ್ಲಿಸಿ. ಬೆಳಕು ಅವುಗಳ ಮೇಲಿಂದಲೂ ಪಕ್ಕದಿಂದಲೂ ಹಾಯುತ್ತದೆ. ಪ್ರತಿ ಕಿಟಕಿಯ ಮುಂದೆ ಒಂದೊಂದು ಪುಟ್ಟ ಮೂಲೆಯೂ ಸಿಗುತ್ತದೆ. ಶಾಂತವಾಗಿ ಓದಲು ಜನ ಹುಡುಕುವುದು ಅಂಥ ಜಾಗವನ್ನೇ.

ಪೂರ್ವದ ಕಡೆಯ ನಾಲ್ಕು ಮೂಲೆಗಳಿಗೆ 5 ಅಡಿ ಉದ್ದ, 3 ಅಡಿ ಅಗಲ, 30 ಇಂಚು ಎತ್ತರದ ಮೇಜು ಹಾಕಿ. ಉದ್ದದ ಬದಿ ಕಿಟಕಿಯ ಕಡೆಯಿಂದ ಕೋಣೆಯೊಳಕ್ಕೆ ಚಾಚಿರಲಿ, ಆಗ ಬೆಳಕು ಓದುವವರ ಪಕ್ಕದಿಂದ ಬರುತ್ತದೆ, ಸ್ವಂತ ನೆರಳು ಪುಟದ ಮೇಲೆ ಬೀಳುವುದಿಲ್ಲ. ನಾಲ್ಕು ಮೇಜಿಗೆ 16 ಜನ. ಕಪಾಟಿನ ಪಕ್ಕದ ಎರಡು ಮೂಲೆ ತುಸು ಇಕ್ಕಟ್ಟು, ಅಲ್ಲಿ ಮೇಜು ಬೇಡ. ಒಂದರಲ್ಲಿ ಕಿಟಕಿಗೆ ಬೆಂಚು ಹಾಕಿ, ಇನ್ನೊಂದರಲ್ಲಿ ಮಕ್ಕಳಿಗೆ ನವಲಗುಂದದ ಜಮಖಾನ ಹಾಸಿ. ಕುರ್ಚಿ ಎಳೆದಾಡುವ ಸದ್ದನ್ನೂ ಆ ಜಮಖಾನ ಎಷ್ಟೋ ನುಂಗುತ್ತದೆ. ಕುರ್ಚಿಯ ಕಾಲುಗಳಿಗೆ ರಬ್ಬರ್ ಬುಷ್ ಮಾತ್ರ ಮರೆಯಬೇಡಿ.

ದಕ್ಷಿಣದ ಮೇಜುಗಳನ್ನು ಗೋಡೆಯಿಂದ 2 ಅಡಿ ಬಿಟ್ಟು ಹಾಕಿ. ಡಿಸೆಂಬರ್ ಕೊನೆಯಲ್ಲಿ ನಿಮ್ಮ ಕಡೆ ನಡು ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ ದಿಗಂತದಿಂದ ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ. 2 ಅಡಿಯ ಸಜ್ಜಾ ಇದ್ದರೂ ಮೇಜಿನ ಎತ್ತರದಲ್ಲಿ ಒಂದೂವರೆ ಅಡಿಯಷ್ಟು ಬಿಸಿಲು ಒಳಗೆ ಬರುತ್ತದೆ. ಮೇ, ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ಸರಿಯುವುದರಿಂದ ಉತ್ತರದ ಕಿಟಕಿಗೂ ಒಂದು ಸಣ್ಣ ಸಜ್ಜಾ ಬೇಕು.

ಇಷ್ಟು ಮಾಡಿದ ಮೇಲೂ ನಡುಭಾಗ ಮಂಕಾಗಿ ಕಂಡರೆ ಉತ್ತರದ ಇಳಿಜಾರಿನಲ್ಲಿ ಎಂಟು ಗಾಜಿನ ಹೆಂಚು ಹಾಕಿಸಿ, ನಾಲ್ಕು ನಾಲ್ಕರಂತೆ ಎರಡು ಕಡೆ. ಇಲ್ಲಿ ಬಹಳ ಜನ ಎಡವುತ್ತಾರೆ. ಉತ್ತರದ ಇಳಿಜಾರಾದರೂ ಮಧ್ಯಾಹ್ನ ನೇರ ಬಿಸಿಲು ಬಿದ್ದೇ ಬೀಳುತ್ತದೆ, ಮೇಜಿನ ಮೇಲೆ ಉರಿಯುವ ಚೌಕಗಳು ಮೂಡುತ್ತವೆ. ಹೆಂಚಿನ ಒಂದಡಿ ಕೆಳಗೆ ಹಾಲುಬಣ್ಣದ ಪಾಲಿಕಾರ್ಬೊನೇಟ್ ಶೀಟ್ ಕಟ್ಟಿಸಿ, ಬೆಳಕು ಹರಡಿ ಇಳಿಯುತ್ತದೆ. ಗೋಡೆಗೆ ಹೊಳಪಿಲ್ಲದ ಕೆನೆ ಬಣ್ಣದ ಡಿಸ್ಟೆಂಪರ್ ಸಾಕು. ಆಯಿಲ್ ಪೇಂಟ್ ತೊಳೆಯಲು ಸುಲಭ, ಆದರೆ ಕಿಟಕಿಯ ಹೊಳಪೆಲ್ಲ ಅದರಲ್ಲಿ ಕಾಣಿಸಿ ಕಣ್ಣು ದಣಿಸುತ್ತದೆ.

ಸಂಜೆಗೆ ಓದುವ ಮೇಜಿನ ಮೇಲೆ 300 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಬೇಕು. ಒಂದೊಂದು ಮೇಜಿಗೆ 20 ವಾಟ್‌ನ 4 ಅಡಿ ಎಲ್‌ಇಡಿ ಟ್ಯೂಬನ್ನು ಮೇಜಿನಿಂದ ನಾಲ್ಕೂವರೆ ಅಡಿ ಮೇಲೆ ಇಳಿಬಿಡಿ. ಬೆಳಕಿನ ಬಣ್ಣ 4000 ಕೆಲ್ವಿನ್, ಅಂದರೆ ಹದವಾದ ಬಿಳಿ ಇರಲಿ, 6500ರ ನೀಲಿ ಬೆರೆತ ಬಿಳಿ ಬೇಡ. ಒಂದೊಂದಕ್ಕೂ ಬೇರೆ ಸ್ವಿಚ್ ಕೊಡಿಸಿ. ಫ್ಯಾನ್‌ಗಳು ನಡುವಿನ ಓಡಾಟದ ದಾರಿಯ ಮೇಲಿರಲಿ. ಟ್ಯೂಬ್ ಮೇಲೆ, ಫ್ಯಾನ್ ಕೆಳಗೆ ಆದರೆ ರೆಕ್ಕೆಯ ನೆರಳು ಪುಟದ ಮೇಲೆ ಪಟಪಟ ಓಡುತ್ತದೆ, ಹತ್ತು ನಿಮಿಷಕ್ಕೇ ತಲೆನೋವು. ಬಹಳಷ್ಟು ಗ್ರಂಥಾಲಯಗಳಲ್ಲಿ ಜನ ಬೇಗ ಎದ್ದು ಹೋಗಲು ಇದೂ ಒಂದು ಕಾರಣ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಪ್ರಶ್ನೆ: ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ನುಸಿಗುಳಿಗೆ ಇಟ್ಟರೂ ಹೋಗುತ್ತಿಲ್ಲ.
— ಓದುಗರು, ಸಾಗರ

ಉತ್ತರ: ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ. ಮಕ್ಕಳು ಕೂರುವ ಕೋಣೆಯಲ್ಲಿ ಅದರ ವಾಸನೆಯೂ ಒಳ್ಳೆಯದಲ್ಲ, ತೆಗೆದುಬಿಡಿ. ಗಾಳಿಯ ತೇವ ಶೇ 65–70 ದಾಟಿ ಹಾಗೇ ನಿಂತರೆ ಬೂಷ್ಟು ಬರುತ್ತದೆ. ಒಂದು ತೇವಮಾಪಕ ಗೋಡೆಗೆ ತೂಗುಹಾಕಿ. ಕಪಾಟಿನ ತಳದ ಹಲಗೆ ನೆಲದಿಂದ 6 ಇಂಚು ಮೇಲಿರಲಿ, ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಮಳೆ ಸುರಿಯುವಾಗ ಕಿಟಕಿ ತೆರೆದರೆ ತೇವ ಇನ್ನೂ ಹೆಚ್ಚುತ್ತದೆ, ಹೊಳವಾದ ದಿನ 11ರಿಂದ 3 ಗಂಟೆಯವರೆಗೆ ತೆರೆಯಿರಿ. ಬೂಷ್ಟು ಹಿಡಿದವನ್ನು ಬೇರೆ ಮಾಡಿ, ಹೊರಗೆ ನೆರಳಲ್ಲಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್‌ನಿಂದ ಕೊಡವಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ಕಾಗದದೊಳಕ್ಕೆ ಇಳಿಯುತ್ತದೆ. ಬಿಸಿಲಿಗೆ ಹರವಿದರೆ ರಟ್ಟು ಸೊಟ್ಟಗಾಗುತ್ತದೆ.