ಪ್ರವಾಸಿಯ ಹಣ ಎಲ್ಲಿ ನಿಲ್ಲುತ್ತದೆ?

ಮಾನ್ಯರೇ,

ವಿದೇಶಿ ಪ್ರವಾಸಿಗರು ಹೆಚ್ಚಿದಷ್ಟೂ ಆಯಾ ಪ್ರದೇಶದ ಆರ್ಥಿಕತೆ ತಾನಾಗಿಯೇ ಬೆಳೆಯುತ್ತದೆ, ಹೀಗಿರುವಾಗ ನಮ್ಮ ಪತ್ರಿಕೆ ಪ್ರವಾಸೋದ್ಯಮದ ವಿಚಾರದಲ್ಲಿ ಸದಾ ಅಪಸ್ವರ ಎತ್ತುವುದೇಕೆ ಎಂದು ಕೇಳಿದ್ದೀರಿ. ಶ್ರದ್ಧೆಯಿಂದ ಬರೆದ ಪತ್ರಕ್ಕೆ ಅಷ್ಟೇ ಶ್ರದ್ಧೆಯ ಉತ್ತರ ಸಲ್ಲಬೇಕು.

ನಿಮ್ಮ ವಾದಕ್ಕೆ ಆಧಾರವಿಲ್ಲದಿಲ್ಲ. ಸ್ಪೇನಿನ 1975ರಿಂದ 1997ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು, ಅಲ್ಲಿನ ಬೆಳವಣಿಗೆಗೆ ಪ್ರವಾಸೋದ್ಯಮ ಬಲ ತುಂಬಿತೆಂದು 2002ರಲ್ಲಿ ಬರೆದರು. ಆಮೇಲೆ ಅದೇ ಧಾಟಿಯ ಅಧ್ಯಯನಗಳು ಸಾಲುಗಟ್ಟಿ ಬಂದವು. ಆದರೆ ದೇಶದ ಲೆಕ್ಕಕ್ಕೆ ಜಮೆಯಾದ ವಿದೇಶಿ ವಿನಿಮಯ ಕಡಲಂಚಿನ ಊರಿನ ದುಡಿಯುವವರ ಕೈಗೆ ತಲುಪಿತೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಇಷ್ಟು ಓದಿಕೊಂಡಿರುವ ನೀವು ಅದನ್ನು ಹಾಗೆಯೇ ದಾಟಿಹೋಗಬಾರದಿತ್ತು.

ಎಲ್ಲ ಖರ್ಚೂ ಸೇರಿದ ಪ್ಯಾಕೇಜ್ ಪ್ರವಾಸವನ್ನೇ ನೋಡಿ. ಪ್ರವಾಸಿ ತನ್ನ ದೇಶದಲ್ಲೇ ಪೂರ್ತಿ ಹಣ ಕಟ್ಟುತ್ತಾನೆ. ವಿಮಾನ ಕಂಪನಿ ಮತ್ತು ಟೂರ್ ಆಪರೇಟರ್ ತಮ್ಮ ಪಾಲನ್ನು ಅಲ್ಲೇ ಮುರಿದುಕೊಳ್ಳುತ್ತಾರೆ. ರೆಸಾರ್ಟಿನಲ್ಲಿ ಮಣಿಕಟ್ಟಿಗೆ ಬಣ್ಣದ ಪಟ್ಟಿ ಕಟ್ಟಿಸಿಕೊಂಡ ಮೇಲೆ ಊಟ, ಪಾನೀಯ, ಆಟ ಎಲ್ಲವೂ ಆವರಣದೊಳಗೇ ಸಿಗುವುದರಿಂದ, ಗೇಟಿನಾಚೆಯ ಅಂಗಡಿಯಲ್ಲಿ ಕಾಸು ಬಿಚ್ಚುವ ಪ್ರಮೇಯವೇ ಅವನಿಗೆ ಬರುವುದಿಲ್ಲ. ಸಣ್ಣ ದ್ವೀಪಗಳಲ್ಲಂತೂ ಹೋಟೆಲಿನ ಅಡುಗೆಮನೆಗೆ ಬೇಕಾದದ್ದರಲ್ಲಿ ಬಹಳಷ್ಟು ಹಡಗಿನಲ್ಲೇ ಬರಬೇಕು. ಅರ್ಥಶಾಸ್ತ್ರ ಇದನ್ನು ಸೋರಿಕೆ ಎನ್ನುತ್ತದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೊಠಡಿ ಗುಡಿಸಿ ಒರೆಸುವವಳಿಗೆ ಅದು ಕೈಗೆ ಬಾರದ ಕೂಲಿ.

ಮೆಕ್ಸಿಕೋ ಕರಾವಳಿಯ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವನ್ನು ನೀವು ಓದಲೇಬೇಕು. ಪ್ರವಾಸಿಗರು ಬಂದ ಕಡೆ ಕಾರ್ಖಾನೆಗಳೂ ಬೆಳೆದವು ಎಂದು ಅದು ಒಪ್ಪುತ್ತದೆ. ಆದರೆ ಕಾರ್ಖಾನೆಗಳ ಆ ಹೆಚ್ಚುವರಿ ಲಾಭದ ಬಹುಪಾಲಿಗೆ ಸರಿದೂಗುವಷ್ಟು ನಷ್ಟ ಪ್ರವಾಸಿಗರು ಕಡಿಮೆಯಿರುವ ಇತರ ಪ್ರದೇಶಗಳ ಪಾಲಿಗೆ ಬಂತೆಂದೂ ತೋರಿಸುತ್ತದೆ. ಇನ್ನು ವೆನಿಸ್: ಹಳೆಯ ನಗರದಲ್ಲಿ 1951ರಲ್ಲಿ ಸುಮಾರು 1,75,000 ಜನ ವಾಸವಿದ್ದರು, ಈಗ 50,000ಕ್ಕೂ ಕಡಿಮೆ. ಮನೆಗಳು ಪ್ರವಾಸಿಗರ ತಂಗುದಾಣಗಳಾದಂತೆ ಬಾಡಿಗೆ ಏರಿತು, ಮನೆಮಂದಿ ಊರು ಬಿಟ್ಟರು.

ಇಷ್ಟಾದರೂ ಸರ್ಕಾರಗಳು ಮೆರೆಸುವುದು ಆಗಮನದ ಸಂಖ್ಯೆಯನ್ನೇ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 146 ಕೋಟಿಯಿದ್ದ ಆ ಸಂಖ್ಯೆ ಮರುವರ್ಷವೇ ಶೇ. 70ಕ್ಕೂ ಹೆಚ್ಚು ಕುಸಿದಾಗ, ಬೇರೆ ಕಸುಬನ್ನೆಲ್ಲ ಬಿಟ್ಟು ಪ್ರವಾಸಿಗರನ್ನೇ ನಂಬಿದ ಪ್ರದೇಶಗಳಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಹೋಟೆಲುಗಳಿಗೆ ತೆರಿಗೆ ವಿನಾಯಿತಿ ಕೊಟ್ಟವರು ಕೆಲಸ ಕಳೆದುಕೊಂಡವರ ಲೆಕ್ಕವನ್ನು ಅದೇ ಉತ್ಸಾಹದಿಂದ ಪ್ರಕಟಿಸಿದ್ದನ್ನು ನಾನು ಕಾಣೆ. ಯಾವುದೇ ಯೋಜನಾ ವರದಿ ನಿಮ್ಮ ಕೈಗೆ ಬಂದರೆ, ಖರೀದಿಯಲ್ಲಿ ಸ್ಥಳೀಯರ ಪಾಲೆಷ್ಟು, ಸೀಸನ್ ಮುಗಿದ ಮೇಲೆ ಕೆಲಸ ಯಾರಿಗೆ ಉಳಿಯುತ್ತದೆ ಎಂಬ ಪುಟವನ್ನು ಅದರಲ್ಲಿ ಹುಡುಕಿ. ಸಿಕ್ಕರೆ ಬರೆದು ಕಳಿಸಿ, ಇದೇ ಅಂಕಣದಲ್ಲಿ ಪ್ರಕಟಿಸುತ್ತೇನೆ.

— ಸಂಪಾದಕ