ಕಾಫಿ ತೋಟದ ಹುಡುಗಿಗೆ ಶ್ರೀಲಂಕಾದ ಟೀ ಫ್ಯಾಕ್ಟರಿ ಯಾಕೆ ತೋರಿಸಬೇಕು?

ಮಗಳನ್ನು ಕಾಲೇಜಿನವರು ಆರು ದಿನ ಶ್ರೀಲಂಕಾಕ್ಕೆ ಕರೆದೊಯ್ಯುತ್ತಿದ್ದಾರೆ, ಅದರಲ್ಲಿ ಒಂದು ದಿನ ಟೀ ಫ್ಯಾಕ್ಟರಿಗೇ ಹೋಗುತ್ತದೆ, ವಿರಾಜಪೇಟೆಯ ಕಾಫಿ ತೋಟದಲ್ಲಿ ಬೆಳೆದವಳಿಗೆ ಅದರ ಬದಲು ಇನ್ನೊಂದು ಊರು ತೋರಿಸಬಾರದೇ ಎಂದು ಕೇಳಿದ್ದೀರಿ.

ಬೇಡ. ಆ ದಿನವನ್ನು ದಯವಿಟ್ಟು ಬಿಡಿಸಬೇಡಿ. ನಾನು ಕೊಡಗಿನ ಸಿದ್ದಾಪುರ ಕಡೆಯವಳು, ಬಿಎಸ್ಸಿ ಓದುವಾಗ ಇಂಥದೇ ಪ್ರವಾಸದಲ್ಲಿ ಹೋಗಿದ್ದೆ, ಈಗ ಅಪ್ಪನ ಜೊತೆ ತೋಟ ನೋಡಿಕೊಳ್ಳುತ್ತೇನೆ. ಆರು ದಿನದಲ್ಲಿ ನನ್ನ ಜೊತೆ ಉಳಿದದ್ದು ಆ ಫ್ಯಾಕ್ಟರಿಯೇ. ಅದೂ ನಮಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಟೂರಿನವರು ಬೆಳಿಗ್ಗೆಯಿಡೀ ಅಂಗಡಿ ಸುತ್ತಿಸಿ ಹೊತ್ತು ಕಳೆದಿದ್ದರು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಶ್ರೀಲಂಕಾ ಮೊದಲು ಕಾಫಿಯ ನಾಡು. 1869ರಲ್ಲಿ ಅಲ್ಲಿನ ಗಿಡಗಳಲ್ಲಿ ಎಲೆ ತುಕ್ಕು ಕಾಣಿಸಿಕೊಂಡಿತು. ನಾವು ಪ್ರತಿ ವರ್ಷ ಮಳೆಗೆ ಮುಂಚೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಎಲೆಯಡಿ ಕಿತ್ತಳೆ ಬಣ್ಣದ ಪುಡಿ ಕೂರುವ ಅದೇ ರೋಗ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಕಾಫಿ ಹೆಚ್ಚುಕಡಿಮೆ ಮುಗಿದೇಹೋಯಿತು. ಜೇಮ್ಸ್ ಟೇಲರ್ ಎಂಬಾತ ಕ್ಯಾಂಡಿ ಹತ್ತಿರದ ಲೂಲ್‌ಕಂದುರ ತೋಟದಲ್ಲಿ 1867ರಲ್ಲೇ 19 ಎಕರೆ ಟೀ ಹಾಕಿದ್ದ. ಆಮೇಲೆ ಎಲ್ಲರೂ ಆ ದಾರಿ ಹಿಡಿದರು. ಇದನ್ನು ಮಗಳಿಗೆ ಹೊರಡುವ ಮೊದಲೇ ಹೇಳಿಡಿ. ಬಸ್ಸಿನ ಕಿಟಕಿಯಲ್ಲಿ ಕಾಣುವ ಹಸಿರು ಗುಡ್ಡವೆಲ್ಲ ಆಗ ಬೇರೆಯೇ ಆಗಿ ಕಾಣುತ್ತದೆ.

ಫ್ಯಾಕ್ಟರಿಯೊಳಗೆ ಮೊದಲು ಮಹಡಿಗೆ ಹೋಗಲಿ. ಉದ್ದುದ್ದ ತೊಟ್ಟಿಗಳಲ್ಲಿ ಎಲೆ ಹರಡಿ, ಕೆಳಗಿನಿಂದ ಗಾಳಿ ಬಿಟ್ಟು ಹನ್ನೆರಡು ಗಂಟೆಗೂ ಹೆಚ್ಚು ಬಾಡಿಸುತ್ತಾರೆ. ಹಿಡಿಯಲ್ಲಿ ಹಿಸುಕಿದರೆ ಮುರಿಯದೆ ಮೆತ್ತಗೆ ಉಂಡೆಯಾಗಬೇಕು. ಕೆಳಗೆ ರೋಲರ್ ಅದನ್ನು ಹೊಸೆದು ರಸ ಹೊರಡಿಸುತ್ತದೆ. ಮುಂದಿನದನ್ನು ಅವರು ಫರ್ಮೆಂಟೇಶನ್ ಎನ್ನುತ್ತಾರೆ, ಆದರೆ ನಮ್ಮ ಪಲ್ಪ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ತೊಟ್ಟಿಯಲ್ಲಿ ಹುಳಿಯುತ್ತದಲ್ಲ, ಹಾಗಲ್ಲ ಇದು. ಹೆಚ್ಚಿಟ್ಟ ಬಾಳೆಕಾಯಿ ಗಾಳಿ ತಾಗಿ ಕಪ್ಪಾಗುವಂತೆ ಎಲೆ ಕಂದಾಗುತ್ತದೆ, ಅಷ್ಟೇ. ಒಂದು ರಾಶಿ ಹಸಿರು, ಪಕ್ಕದ್ದು ತಾಮ್ರದ ಬಣ್ಣ. ಆ ಕೋಣೆಯ ವಾಸನೆಯನ್ನು ನನಗೆ ಮಾತಿನಲ್ಲಿ ಹೇಳಲಾಗದು. ಸರಿಯಾದ ಗಳಿಗೆಗೆ ಡ್ರೈಯರಿಗೆ ಹೋಗಬೇಕು, ಹೊತ್ತು ಮೀರಿದರೆ ಟೀ ಸಪ್ಪೆ. ಆಮೇಲೆ ಜರಡಿ. ನಾವು ಡಸ್ಟ್ ಅಂದರೆ ಕಸ ಎಂದುಕೊಂಡಿದ್ದೆವು. ಅದು ಎಲ್ಲಕ್ಕಿಂತ ಸಣ್ಣ ದರ್ಜೆಯ ಹೆಸರು, ಬೇಗ ಬಣ್ಣ ಬಿಟ್ಟು ಗಟ್ಟಿ ಚಹಾ ಆಗುತ್ತದೆ. ಒಂದು ಕೆಜಿ ಟೀ ಪುಡಿಗೆ ನಾಲ್ಕು ಕೆಜಿಗಿಂತ ಹೆಚ್ಚು ಹಸಿ ಎಲೆ ಬೇಕು.

ಯಂತ್ರ ನೋಡಿದರೆ ಸಾಲದು, ಜನರನ್ನೂ ಮಾತಾಡಿಸಲಿ. ಗೈಡ್ ಬೇಗ ಬೇಗ ಮಾರಾಟದ ಕೌಂಟರಿಗೆ ಕರೆದೊಯ್ಯುತ್ತಾರೆ. ನನ್ನ ಗೆಳತಿಗೆ ಊರಿನಲ್ಲಿ ತೋಟದ ತಮಿಳು ಕಾರ್ಮಿಕರ ಲೈನ್‌ ಮನೆಯ ಮಕ್ಕಳ ಜೊತೆ ಆಡಿ ಬೆಳೆದು ತಮಿಳು ಬರುತ್ತಿತ್ತು. ಟೀ ಆರಿಸುತ್ತಿದ್ದ ಅಜ್ಜಿಯೊಬ್ಬರನ್ನು ಮಾತಾಡಿಸಿದಳು. ಇಂಡಿಯಾದಲ್ಲಿ ಯಾವ ಊರು ಎಂದು ಅವರು ಕೇಳಿದರು. ಮಡಿಕೇರಿ ಅಂದರೆ ತಿಳಿಯಲಿಲ್ಲ. ಮಂಗಳೂರಿಗೆ ಹೋಗುವ ದಾರಿ ಅಂದಾಗ ಅಜ್ಜಿ ಕೆಲಸ ನಿಲ್ಲಿಸಿ "ಸುಳ್ಯ?" ಅಂದರು. ಅವರ ಚಿಕ್ಕಪ್ಪನ ಸಂಸಾರವನ್ನು ಅಲ್ಲಿಯ ರಬ್ಬರ್ ತೋಟಕ್ಕೆ ಕಳಿಸಿದ್ದರಂತೆ. ತೋಟದ ದುಡಿಮೆಗೆಂದು ಬ್ರಿಟಿಷರು ಕರೆತಂದ ತಮಿಳರಿಗೆ 1948ರ ಕಾನೂನಿನಿಂದ ಅಲ್ಲಿ ಪೌರತ್ವ ಸಿಗಲಿಲ್ಲ. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಒಪ್ಪಂದ ಮಾಡಿಕೊಂಡ ಮೇಲೆ ಲಕ್ಷಾಂತರ ಜನ ಭಾರತಕ್ಕೆ ಬಂದರು. ಅವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟದಲ್ಲಿ ಕೆಲಸ ಕೊಟ್ಟರು. ಸಂಪಾಜೆ ಘಾಟಿ ಇಳಿದರೆ ಸಿಗುವ ಊರು! ಎಷ್ಟೋ ಸಲ ಅದೇ ದಾರಿಯಲ್ಲಿ ಹೋಗಿದ್ದರೂ ನನಗೆ ಗೊತ್ತಿರಲಿಲ್ಲ.

ಉಳಿದ ಜಾಗಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕ್ಯಾಂಡಿಯಲ್ಲಿ ಬುದ್ಧನ ಹಲ್ಲು ಇಟ್ಟಿರುವ ದೇವಾಲಯ ದಳದಾ ಮಾಳಿಗಾವಕ್ಕೆ ಸಂಜೆ ಪೂಜೆಯ ಹೊತ್ತಿಗೆ ಹೋಗಲಿ, ಡೋಲಿನ ಸದ್ದು ಕೇಳಲೇಬೇಕು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಸಿಗಿರಿಯಾ ಬಂಡೆಯನ್ನು ಬಿಸಿಲೇರುವ ಮೊದಲೇ ಹತ್ತಬೇಕು. ಪೆರಾದೆನಿಯ ಸಸ್ಯೋದ್ಯಾನಕ್ಕೆ ಎರಡು ಗಂಟೆಯಾದರೂ ಇಡಲಿ. ಕೊಲಂಬೊದ ಅಂಗಡಿ ಬೀದಿ ಬಿಟ್ಟರೂ ನಷ್ಟವಿಲ್ಲ.

ಕಾಲೇಜಿನವರಿಗೆ ಈಗಲೇ ಒಂದು ಮಾತು ಹೇಳಿ. ಅಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ. ಫ್ಯಾಕ್ಟರಿಯ ದಿನ ಹುಣ್ಣಿಮೆಗೋ ಅದರ ಮರುದಿನಕ್ಕೋ ಬಿದ್ದರೆ ಯಂತ್ರ ನಿಂತಿರಬಹುದು, ಮೊದಲೇ ವಿಚಾರಿಸಲಿ. ನುವರ ಎಲಿಯ ಮಡಿಕೇರಿಗಿಂತ ಎತ್ತರದಲ್ಲಿದೆ, ಸ್ವೆಟರ್ ಕಳಿಸಿ. ಜೊತೆಗೆ ಮನೆಯ ಕಾಫಿ ಪುಡಿಯ ಎರಡು ಸಣ್ಣ ಪೊಟ್ಟಣಗಳನ್ನೂ ಕಳಿಸಿ. ಆ ಅಜ್ಜಿಗೆ ಕೊಡಲು ಅಂದು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.